ಸಂಕ ಇತ್ತೋ, ಇರಲಿಲ್ಲವೋ

ವಾದ ಮಾಡಲು ಕಲಿತವರು ಇರುವ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ ಎಂದು ಜನ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಬೇಕಾದರೆ ಒಪ್ಪಿಕೊಂಡೂ ವಾದಿಸಬಲ್ಲೆ, ಅದೇ ನನ್ನ ತೊಂದರೆ. ಹೈಸ್ಕೂಲಿನಿಂದ ಹಿಡಿದು ಡಿಗ್ರಿ ಮುಗಿಯುವವರೆಗೆ ನಾನು ಚರ್ಚಾಸ್ಪರ್ಧೆಯ ಹುಡುಗಿ. ಸ್ಪರ್ಧೆಯ ಊರಲ್ಲಿ ಬಸ್ಸಿಳಿದ ಕೂಡಲೇ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ ವಿಷಯ ಯಾವುದು ಎಂದಲ್ಲ, ಪರವೋ ವಿರೋಧವೋ ಎಂದೂ ಅಲ್ಲ, "ಎಷ್ಟು ನಿಮಿಷ ಸರ್?" ಎಂದು. ನಿಮಿಷ ಗೊತ್ತಾಯಿತೋ, ಉಳಿದದ್ದೆಲ್ಲ ತಾನಾಗಿಯೇ ಬರುತ್ತಿತ್ತು. ಪಾನನಿಷೇಧ ಬೇಕು ಎಂದು ಬೆಳಿಗ್ಗೆ ಕಣ್ಣಲ್ಲಿ ನೀರು ತಂದುಕೊಂಡು ಮಾತಾಡಿ, ಬೇಡ ಎಂದು ಮಧ್ಯಾಹ್ನ ಅದೇ ಗಂಟಲಲ್ಲಿ ಗುಡುಗಿ, ಎರಡಕ್ಕೂ ಬಹುಮಾನ ಹೊತ್ತು ತಂದವಳು ನಾನು. ಈಗ ಕೊಪ್ಪದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಬಿಡುವಿನಲ್ಲಿ ಮಕ್ಕಳಿಗೆ ಇದೇ ವಿದ್ಯೆ ಕಲಿಸುತ್ತೇನೆ. ಯಾರೇನು ಹೇಳಿದರೂ "ಅದಕ್ಕೆ ಆಧಾರ?" ಎಂದು ಕೇಳುವುದು ನನಗೆ ಉಸಿರಾಟದಷ್ಟೇ ಸಹಜ. ಹೆಣ್ಣು ನೋಡಲು ಬಂದಾಗ ಹುಡುಗನ ಕಡೆಯ ಹಿರಿಯರೊಬ್ಬರು "ನಮ್ಮ ಹುಡುಗ ಬಹಳ ಸಾಧು" ಎಂದರು. ನಾನು ಆಧಾರ ಕೇಳಿದೆ. ನಮ್ಮಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡರು. ಆದರೆ ಹುಡುಗನ ತಾಯಿ ಜೋರಾಗಿ ನಕ್ಕು, "ಆಧಾರ ನಾನು ಹೇಳ್ತೇನೆ, ಪ್ರತಿವಾದ ನೀನು ಮಾಡು" ಎಂದರು. ಅವರು ಈಗ ನನ್ನ ಅತ್ತೆ. ಹುಡುಗ ನಿಜವಾಗಿಯೂ ಸಾಧು. ಆ ಚರ್ಚೆಯಲ್ಲಿ ನಮ್ಮನೆಯವರಿಗೆ ಮಾತಾಡುವ ಅವಕಾಶ ಆಗಲೂ ಸಿಗಲಿಲ್ಲ, ಈಗಲೂ ಸಿಕ್ಕಿಲ್ಲ.

ನಮ್ಮತ್ತೆ ಲಲಿತಮ್ಮನವರನ್ನು ಜಯಪುರದಲ್ಲಿ ಎಲ್ಲರೂ ಕರೆಯುವುದು ಲಲಿತಕ್ಕ ಎಂದು. ಬಸ್ ನಿಲ್ದಾಣದ ಎದುರಿಗೆ ಅವರದೊಂದು ಫ್ಯಾನ್ಸಿ ಸ್ಟೋರ್ ಇದೆ: ಬಳೆ, ರಿಬ್ಬನ್, ಟಿಕಲಿ, ಮಕ್ಕಳ ಪೀಪಿ. ಹಿಂದೊಮ್ಮೆ ಗ್ರಾಮ ಪಂಚಾಯಿತಿ ಸದಸ್ಯೆಯೂ ಆಗಿದ್ದರು. ಆದರೆ ಅವರ ನಿಜವಾದ ಹೆಸರು ಇರುವುದು ತಾಳಮದ್ದಳೆಯಲ್ಲಿ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಬಯಲುಸೀಮೆಯವರಿಗಾಗಿ ಹೇಳುತ್ತೇನೆ: ಯಕ್ಷಗಾನದಿಂದ ವೇಷ ಮತ್ತು ಕುಣಿತ ತೆಗೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆಮೇಲೆ ಪಾತ್ರ ವಹಿಸಿದವರು ಕೂತಲ್ಲೇ ಎದುರುಬದುರು ವಾದಕ್ಕಿಳಿಯುತ್ತಾರೆ. ಬಾಯಿಪಾಠ ಮಾಡಿದ ಮಾತಲ್ಲ, ಆ ಕ್ಷಣಕ್ಕೆ ಹುಟ್ಟುವ ಮಾತು. ಅತ್ತೆಯದು ಹೆಂಗಸರ ತಂಡ. ಅದರಲ್ಲಿ ಅವರಿಗೆ ಖಾಯಂ ಆಗಿ ಅಸುರನ ಪಾತ್ರ. ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ತಾವೇ ಕಟ್ಟಿ ನಿಲ್ಲಿಸಿ, ಕೇಳುವವರು "ಹೌದಲ್ಲ, ಇನ್ನು ಅಸುರ ಸತ್ತ" ಎನ್ನುವ ಹೊತ್ತಿಗೆ ಒಂದೇ ಏಟಿಗೆ ಅದನ್ನು ಕೆಡಹುವುದು ಅವರ ಪ್ರಸಿದ್ಧ ಪಟ್ಟು. ಒಮ್ಮೆ ದೇವರ ಪಾತ್ರದಲ್ಲಿದ್ದ ಹೆಂಗಸು ಉತ್ತರ ತೋಚದೆ ತಬ್ಬಿಬ್ಬಾಗಿ, "ಲಲಿತಕ್ಕ, ಇವತ್ತೊಂದಿನ ನೀವೇ ಗೆದ್ದುಬಿಡಿ ಮಾರಾಯ್ತಿ, ನಂಗೆ ದೋಸೆಗೆ ಅಕ್ಕಿ ನೆನೆಸ್ಲಿಕ್ಕುಂಟು" ಎಂದರಂತೆ. ಪುರಾಣದಲ್ಲಿ ಇಲ್ಲದ ಆ ತೀರ್ಪಿಗೆ ಸಭೆ ಚಪ್ಪಾಳೆ ಹೊಡೆಯಿತಂತೆ. ನಮ್ಮ ಜನ ಹೀಗೆ. ಯಾರು ಸರಿ ಎಂಬುದು ಅವರಿಗೆ ಮೊದಲೇ ಗೊತ್ತು. ಯಾರು ಚೆನ್ನಾಗಿ ಮಾತಾಡಿದರು ಎಂಬುದಷ್ಟೇ ಅವರ ಕುತೂಹಲ.

ಇಷ್ಟರಲ್ಲಿ ನಮ್ಮ ಕಡೆಯ ಒಬ್ಬ ರಾಜಕಾರಣಿಯ ಮೇಲೆ ಕೇಸಾಯಿತು. ಅವರನ್ನು ಇಲ್ಲಿ ದಿವಾಕರಣ್ಣ ಎಂದು ಕರೆಯುತ್ತೇನೆ. ಪಕ್ಷ ಯಾವುದೆಂದು ಹೇಳುವುದಿಲ್ಲ. ನೀವು ಊಹಿಸಿದ್ದಕ್ಕೆ ವಿರುದ್ಧವಾಗಿ ವಾದಿಸುವ ಚಪಲ ನನಗೆ ಬರುತ್ತದೆ. ಆರೋಪ ಒಂದು ಕಾಲುಸಂಕದ ಬಗ್ಗೆ. ಹಳ್ಳ ದಾಟಲು ಜನ ನಡೆದು ಹೋಗುವ ಕಿರುಸೇತುವೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಕಾಗದದಲ್ಲಿ ಎರಡು ಸಂಕ, ಕಟ್ಟಿದ್ದು ಒಂದೇ, ಅದನ್ನೇ ಆ ದಡದಿಂದೊಮ್ಮೆ ಈ ದಡದಿಂದೊಮ್ಮೆ ಫೋಟೊ ತೆಗೆದು ಎರಡೆಂದು ತೋರಿಸಿ ಬಿಲ್ಲು ಮಾಡಿಸಿದ್ದಾರೆ, ಗುತ್ತಿಗೆದಾರ ದಿವಾಕರಣ್ಣನ ಭಾವಮೈದುನ: ಇದು ಪೊಲೀಸರ ಆರೋಪಪಟ್ಟಿ. ಎರಡನೆಯ ಸಂಕವೂ ಕಟ್ಟಿದ್ದೇವೆ, ಅದು ನೆರೆಗೆ ಕೊಚ್ಚಿಹೋಗಿದೆ, ಫೋಟೊ ಬದಲಾದದ್ದು ಆಫೀಸಿನವರ ಎಡವಟ್ಟು, ಯಾವ ಕಾಗದದಲ್ಲೂ ನನ್ನ ಸಹಿ ಇಲ್ಲ: ಇದು ದಿವಾಕರಣ್ಣನ ಉತ್ತರ.

ಆಮೇಲೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಎಂಬ ನಮ್ಮ ಮೂರೂ ತಾಲ್ಲೂಕು ನ್ಯಾಯಾಲಯವಾಯಿತು. ಜಯಪುರದಿಂದ ನಾನು ಕಾಲೇಜಿಗೆ ಹೋಗುವುದು ಶೃಂಗೇರಿಯಿಂದ ಹೊರಟು, ನಮ್ಮೂರಿನ ಮೇಲೆ ಸುತ್ತಿಕೊಂಡು, ಕೊಪ್ಪ ದಾಟಿ ನರಸಿಂಹರಾಜಪುರಕ್ಕೆ ಹೋಗುವ ಬಸ್ಸಿನಲ್ಲಿ. ಕಂಡಕ್ಟರ್ ಹೇಳುವಂತೆ ಆ ಬಸ್ಸು ಶೃಂಗೇರಿ ಬಿಡುವಾಗ ದಿವಾಕರಣ್ಣನಿಗೆ ಜೈಲು ಖಚಿತವಾಗಿರುತ್ತಿತ್ತು. ಜಯಪುರಕ್ಕೆ ಬರುವ ಹೊತ್ತಿಗೆ ಸಾಕ್ಷಿಗಳು ಸಡಿಲವಾಗಿ, ಕೊಪ್ಪದಲ್ಲಿ ಕೇಸೇ ಬಿದ್ದುಹೋಗಿ, ಎನ್.ಆರ್. ಪುರದಲ್ಲಿ ಇಳಿಯುವವರು ಅವರನ್ನು ಮಂತ್ರಿ ಮಾಡಿಯೇ ಇಳಿಯುತ್ತಿದ್ದರು. ಸಂಜೆ ವಾಪಸು ಬರುವಾಗ ಇದೇ ಕ್ರಮದಲ್ಲಿ ಹಿಂದಕ್ಕೆ. "ಕೇಸು ಗಟ್ಟಿ ಉಂಟು ಮಾರಾಯ" ಎಂದು ಒಬ್ಬ, "ಎಂತ ಗಟ್ಟಿ? ನೆರೆಗೆ ಹೋದ ಸಂಕನ ಎಲ್ಲಿಂದ ತಂದು ತೋರ್ಸೋದು?" ಎಂದು ಇನ್ನೊಬ್ಬ. "ಕಟ್ಟದೇ ಇದ್ದ ಸಂಕನೂ ನೆರೆಗೆ ಹೋಗ್ತದನಾ?" ಎಂದು ಹಿಂದಿನ ಸೀಟಿನಿಂದ ಮೂರನೆಯವನು. ಆರೋಪಪಟ್ಟಿಯನ್ನು ಇವರಲ್ಲಿ ಯಾರೂ ಓದಿರಲಿಲ್ಲ. ನಾನು ಓದಿದ್ದೆ, ಅದು ಯಾರ್ಯಾರದೋ ಫೋನಿನಿಂದ ನನ್ನ ಫೋನಿಗೂ ಬಂದಿತ್ತು. ಹಾಗಾಗಿ ಪರ ಮಾತಾಡುವವನಿಗೆ ವಿರೋಧದ ಅಂಶವನ್ನೂ ವಿರೋಧಿಗೆ ಪರದ ಅಂಶವನ್ನೂ ಒದಗಿಸಿ ಇಬ್ಬರಿಂದಲೂ ಬೈಸಿಕೊಂಡು, ಕೊಪ್ಪದಲ್ಲಿ ಬಹಳ ಹುರುಪಿನಿಂದ ಇಳಿಯುತ್ತಿದ್ದೆ.

ಮನೆಯಲ್ಲಿ ಮಾತ್ರ ವಿಷಯ ಅಷ್ಟು ಹಗುರವಾಗಿರಲಿಲ್ಲ. ಹೋದ ಚುನಾವಣೆಯಲ್ಲಿ ಅತ್ತೆ ದಿವಾಕರಣ್ಣನಿಗಾಗಿ ಮನೆಮನೆಗೆ ಹೋಗಿದ್ದರು. ಹಳ್ಳದಾಚೆಯ ಒಂಟಿ ಮನೆಗಳನ್ನೂ ಬಿಟ್ಟಿರಲಿಲ್ಲ. "ಅವರನ್ನ ನೋಡ್ಬೇಡಿ, ನನ್ನ ಮುಖ ನೋಡಿ ಹಾಕಿ" ಎಂದಿದ್ದರು. ಜನ ಹಾಕಿದ್ದರು. ಮಾವನವರ ಕೊನೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದ ದಿನ, ದಿವಾಕರಣ್ಣ ತಾವೇ ಗರಗಸದವರನ್ನು ಕರೆತಂದು, ಜೀಪು ತಂದು ಆಸ್ಪತ್ರೆಗೆ ಸೇರಿಸಿದ್ದರು. ಅದನ್ನು ಅತ್ತೆ ಮರೆಯುವವರಲ್ಲ. ಮುಂದಿನ ತಾಲ್ಲೂಕು ಪಂಚಾಯಿತಿ ಚುನಾವಣೆಗೆ ಈ ಸಲ ಅತ್ತೆಗೇ ಟಿಕೆಟ್ ಎಂಬ ಮಾತೂ ಆಗಿತ್ತು. ಅತ್ತೆಗೆ ಅದರ ಆಸೆ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅಂಗಡಿಯ ಕನ್ನಡಿಯ ಮುಂದೆ ಅವರು ಕೈ ಮುಗಿದು ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಹೀಗಿರುವಾಗ ದಿವಾಕರಣ್ಣನ ಬಲಗೈ ಸತೀಶ ಅಂಗಡಿಗೆ ಬಂದ. "ಲಲಿತಕ್ಕ, ಬರೋ ಭಾನುವಾರ ಕೊಪ್ಪದಲ್ಲಿ ಬೆಂಬಲ ಸಭೆ. ನೀವು ಮಾತಾಡ್ಲೇಬೇಕು."

"ಎಂತ ಮಾತಾಡೋದು ಸತೀಶ?"

"ಎಂತ ಅಂದ್ರೆ? ಕೇಸು ಸುಳ್ಳು ಅಂತ! ಅಸುರರನ್ನೇ ನಿರಪರಾಧಿ ಮಾಡಿ ಮನೆಗೆ ಕಳಿಸಿದೋರು ನೀವು. ನಮ್ಮ ದಿವಾಕರಣ್ಣ ಯಾವ ಲೆಕ್ಕ!"

ಹೇಳಿದ ಮೇಲೆ ಅವನಿಗೆ ತಾನು ಆಡಿದ್ದು ಪೂರ್ತಿ ಹೊಗಳಿಕೆಯ ಹಾಗೆ ಕೇಳಲಿಲ್ಲವೇನೋ ಅನ್ನಿಸಿತು. ಮಗಳಿಗೆಂದು ಎರಡು ರಿಬ್ಬನ್ ಕೊಂಡುಕೊಂಡು ಬೇಗ ಹೊರಟ.

ಮಾರನೆಯ ದಿನ ಅತ್ತೆ ಪತ್ರೊಡೆಗೆಂದು ಕೆಸುವಿನ ಎಲೆ ಹರಡಿಕೊಂಡು ಕೂತು ನನ್ನನ್ನು ಕರೆದರು. "ಬಾ ಇಲ್ಲಿ. ಪೊಲೀಸರ ಕಡೆ ವಕೀಲ ನೀನು. ಒಂದು ಪಾಯಿಂಟೂ ಬಿಡ್ಬೇಡ. ನಾನು ದಿವಾಕರಣ್ಣನ ಕಡೆ."

ನನಗೆ ಬೇಕಾದದ್ದೂ ಅದೇ. ಫೋಟೊದಲ್ಲಿ ಎರಡು ಸಂಕಕ್ಕೂ ಒಂದೇ ಕಡೆ ಒಂದೇ ಆಕಾರದ ಬಿರುಕು ಇದೆ ಎಂದೆ. "ಒಬ್ಬನೇ ಮೇಸ್ತ್ರಿ ಕಟ್ಟಿದ್ರೆ ಬಿರುಕೂ ಒಂದೇ ಥರ" ಎಂದು ಅತ್ತೆ ಎಲೆಗೆ ಹಿಟ್ಟು ಸವರಿದರು. ಗುತ್ತಿಗೆದಾರ ಭಾವಮೈದುನ ಎಂದೆ. "ಭಾವಮೈದುನ ಆಗೋದು ಅಪರಾಧ ಅಂತ ಯಾವ ಕಾನೂನಲ್ಲಿದೆ? ಹಾಗಿದ್ರೆ ನಿನ್ನ ತಮ್ಮನ್ನ ಮೊದಲು ಒಳಗೆ ಹಾಕ್ಬೇಕು." ನನ್ನ ತಮ್ಮನ ವಿಷಯ ಇಲ್ಲಿ ಅಪ್ರಸ್ತುತ ಎಂದು ನಾನು ಆಕ್ಷೇಪಿಸಿದೆ. ಎಲೆಗಳು ಮುಗಿಯುವ ಹೊತ್ತಿಗೆ ಅತ್ತೆ "ಈಗ ಬದಲು ಮಾಡುವ" ಎಂದರು. ಅವರು ಪೊಲೀಸರಾದರು, ನಾನು ದಿವಾಕರಣ್ಣನ ವಕೀಲೆಯಾದೆ. ಆಗ ನೋಡಬೇಕಿತ್ತು ಅವರನ್ನು! ಹಿಟ್ಟಿನ ಕೈಯನ್ನು ಮುಂದೆ ಚಾಚಿ, "ನೆರೆಗೆ ಹೋಯ್ತು ಅಂತೀರಲ್ಲ, ಹೋದ ಮೇಲೆ ಒಂದು ಅರ್ಜಿಯಾದ್ರೂ ಕೊಟ್ರಾ? ನಮ್ಮ ಊರಲ್ಲಿ ಕೊಟ್ಟಿಗೆಯ ಹೆಂಚು ಹಾರಿದ್ರೆ ಪರಿಹಾರಕ್ಕೆ ಅರ್ಜಿ ಕೊಡ್ತಾರೆ, ಇಡೀ ಸಂಕ ಹೋದ್ರೆ ಸುಮ್ಮನಿದ್ರಾ?" ಎಂದರು. ಪಾಯಿಂಟು ಸಿಗದೆ ನಾನು ಬರಿದೇ ದನಿ ಏರಿಸಿದೆ. ಚರ್ಚಾಸ್ಪರ್ಧೆಯಲ್ಲಿ ಯಾವ ತೀರ್ಪುಗಾರರ ಎದುರೂ ನಾನು ಹಾಗೆ ಬರಿದೇ ಕೂಗಾಡಿದವಳಲ್ಲ. ಅಷ್ಟರಲ್ಲಿ ಪಂಪ್‌ಸೆಟ್ ರಿಪೇರಿ ಮುಗಿಸಿ ಬಂದ ನಮ್ಮನೆಯವರು, ಅಮ್ಮ ಹೆಂಡತಿ ಇಬ್ಬರೂ ಏರು ದನಿಯಲ್ಲಿರುವುದನ್ನು ಬಾಗಿಲಲ್ಲೇ ಕಂಡು, ಚಪ್ಪಲಿಯನ್ನೂ ಬಿಡದೆ ವಾಪಸು ಹೋಗಿ ಬೈಕ್ ಒರೆಸತೊಡಗಿದರು.

ಪತ್ರೊಡೆ ಒಲೆ ಏರಿತು. ಅತ್ತೆ ಕೈ ತೊಳೆದುಕೊಂಡು ಕೇಳಿದರು: "ಸರಿ. ಆಟ ಮುಗೀತು. ಈಗ ಹೇಳು, ಅವರು ಮಾಡಿದಾರಾ, ಇಲ್ವಾ?"

"ಅತ್ತೆ, ಆರೋಪ ಸಾಬೀತು ಮಾಡುವ ಹೊಣೆ..."

"ಅದು ಕೋರ್ಟಿನ ಮಾತಾಯ್ತು. ನಿನ್ನ ಮಾತು ಎಂತದು?"

"ನನ್ನ ಮಾತು ಅಂದ್ರೆ... ಎರಡೂ ಕಡೆ ಅಂಶಗಳಿವೆ."

"ಅಂಶ ಇರೋದು ನಂಗೂ ಗೊತ್ತು ಮಾರಾಯ್ತಿ, ಇಷ್ಟೊತ್ತು ಅದನ್ನೇ ಅಲ್ವಾ ಅರೆದದ್ದು? ನಾಳೆ ಆ ಮನೆಗಳ ಬಾಗಿಲಿಗೆ ಮತ್ತೆ ಹೋಗ್ಬೇಕಾದೋಳು ನಾನು. ಅವರು ನಿನ್ನ ಅಂಶ ನೋಡೋದಿಲ್ಲ, ನನ್ನ ಮುಖ ನೋಡ್ತಾರೆ."

ಶನಿವಾರ ನನ್ನ ಸ್ಕೂಟಿಯ ಹಿಂದೆ ಅತ್ತೆ ಕೂತರು. ಆ ಹಳ್ಳ ಇರುವುದು ಶೃಂಗೇರಿ ತಾಲ್ಲೂಕಿನ ಒಂದು ಮೂಲೆಯಲ್ಲಿ. ಬೇಗಾರಿನವರೆಗೆ ರಸ್ತೆ ರಸ್ತೆಯಂತಿತ್ತು, ಆಮೇಲೆ ಸ್ಕೂಟಿ ನಮ್ಮನ್ನು ಹೊತ್ತದ್ದಕ್ಕಿಂತ ನಾವು ಸ್ಕೂಟಿಯನ್ನು ತಳ್ಳಿದ್ದೇ ಹೆಚ್ಚು. ಎರಡನೆಯ ಸಂಕ ಇದ್ದಿತೆನ್ನುವ ಜಾಗದಲ್ಲಿ ಈಚೆ ದಡದಲ್ಲಿ ಒಂದಷ್ಟು ಕಲ್ಲು ಕಟ್ಟಿದ್ದರು, ಆಚೆ ದಡದಲ್ಲೂ ಒಂದಷ್ಟು. ನಡುವೆ ನೀರು. ಈಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಅತ್ತೆ ಕೇಳಿದರು, "ಇಲ್ಲಿ ಸಂಕ ಇತ್ತನೇ ತಂಗಿ?"

"ಇತ್ತಲ್ಲ! ಮಳೆ ಹಿಡಿಯೋಕೆ ಮುಂಚೆ ಹಲಗೆ ಹಾಕಿದ್ರು. ಚೊಲೋ ಇತ್ತು."

ಆಚೆ ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಇನ್ನೊಬ್ಬಳು ನೆಟ್ಟಗಾಗಿ ಕೂಗಿದಳು: "ಎಂತ ಇತ್ತೇ? ಹಲಗೆ ತಂದು ಇಟ್ಟಿದ್ರು ಅಷ್ಟೇಯ! ಹಾಕಿದ್ದು ಯಾವನು?"

"ನೀನು ಆಗ ತೌರಿಗೆ ಹೋಗಿದ್ದೆ, ನಿಂಗೇನು ಗೊತ್ತು!"

"ಹೌದೇ, ಸಂಕ ಇದ್ದಿದ್ರೆ ತೌರಿಗೆ ಹೋಗೋಕೆ ಸುತ್ತು ಹಾಕ್ತಿದ್ನಾ? ನೀನು ದಾಟಿದ್ಯಾ ಹೇಳು!"

"ನಂಗೆ ಆಚೆ ಎಂತ ಕೆಲಸ? ನಿನ್ನ ಮುಖ ನೋಡೋಕಾ?"

ಇಬ್ಬರೂ ನೀರಿನ ಸದ್ದನ್ನು ಮೀರಿಸಿ ಕೂಗಾಡಿದರು. ನಾನು ಮನಸ್ಸಿನಲ್ಲೇ ಇಬ್ಬರಿಗೂ ಅಂಕ ಕೊಡುತ್ತಿದ್ದೆ. ಹುಲ್ಲಿನವಳಿಗೆ ಸ್ವಲ್ಪ ಹೆಚ್ಚು. ಅತ್ತೆ ಮಾತ್ರ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ನೀರು ನೋಡಿದರು. ವಾಪಸು ಬರುವಾಗ ನನ್ನ ಸ್ಕೂಟಿ ಗುಂಡಿಗೆ ಬಿದ್ದಾಗಲೂ ಬೈಯಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಭಾನುವಾರ ಕೊಪ್ಪದ ಸಭಾಭವನದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಅರ್ಧ ಜನ ದಿವಾಕರಣ್ಣನ ಕಡೆಯವರು, ಉಳಿದರ್ಧ ಲಲಿತಕ್ಕನ ಮಾತು ಕೇಳಲು ಬಂದವರು. ವೇದಿಕೆಯ ನಡುವೆ ದಿವಾಕರಣ್ಣ, ಮುಖ ಸಣ್ಣದಾಗಿತ್ತು. ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತು, ಪೊಲೀಸರು ಹೇಳುವುದನ್ನು ಮೊದಲು ಕೇಳಿ ಎಂದು ಶುರುಮಾಡಿದರು. ಬಿರುಕಿನ ವಿಷಯ ಬಂತು. ಭಾವಮೈದುನನ ವಿಷಯ ಬಂತು. ಕೊಡದೇ ಇದ್ದ ಅರ್ಜಿಯ ವಿಷಯ ಬಂತು. ಒಂದೊಂದನ್ನೂ ಅವರು ಎಷ್ಟು ಗಟ್ಟಿಯಾಗಿ ನಿಲ್ಲಿಸಿದರೆಂದರೆ, ಪೊಲೀಸರು ಕೇಳಿದ್ದರೆ ತಮ್ಮ ಆರೋಪಪಟ್ಟಿಯನ್ನು ವಾಪಸು ತೆಗೆದುಕೊಂಡು ಇದನ್ನೇ ಬರೆಸಿಕೊಳ್ಳುತ್ತಿದ್ದರು. ಸಭೆಗೆ ಖುಷಿಯೋ ಖುಷಿ. ನನ್ನ ಪಕ್ಕದ ಅಜ್ಜ ಇನ್ನೊಬ್ಬ ಅಜ್ಜನ ತೊಡೆ ತಟ್ಟಿ, "ಹೆಂಗೆ ಎತ್ತರಕ್ಕೆ ಏರಿಸ್ತಿದಾಳೆ ನೋಡು! ಬೀಳಿಸೋದು ಇನ್ನು ನೋಡ್ಬೇಕು" ಎಂದ. ಸತೀಶ ವೇದಿಕೆಯ ಬದಿಯಲ್ಲಿ ಚಪ್ಪಾಳೆಗೆ ಕೈ ಎತ್ತಿಯೇ ನಿಂತಿದ್ದ.

ಆಮೇಲೆ ಅತ್ತೆ ದಿವಾಕರಣ್ಣನ ಪರವಾಗಿ ಇರುವುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳಿದರು: ಸಹಿ ಇಲ್ಲ, ಹಲಗೆ ನೋಡಿದವರು ಇದ್ದಾರೆ, ದಡದಲ್ಲಿ ಕಲ್ಲಿದೆ. ಸ್ವಲ್ಪ ನಿಲ್ಲಿಸಿ, ದನಿ ಇಳಿಸಿದರು. "ನಾನು ಹಳ್ಳದ ಹತ್ರ ಹೋಗಿ ಬಂದೆ. ಅಲ್ಲಿ ಸಂಕ ಇತ್ತೋ ಇರಲಿಲ್ಲವೋ, ನಂಗೆ ಗೊತ್ತಾಗ್ಲಿಲ್ಲ. ಗೊತ್ತಿಲ್ಲದ್ದನ್ನ ಗೊತ್ತುಂಟು ಅಂತ ಹೇಳೋದು ನಂಗೆ ಪಾತ್ರದಲ್ಲಿ ಕೂತಾಗ ಬರ್ತದೆ. ಇವತ್ತು ನಾನು ಪಾತ್ರ ಅಲ್ಲ. ಕೋರ್ಟು ಹೇಳೋವರೆಗೆ ಇವರನ್ನ ಕಳ್ಳ ಅಂತ ಯಾರಾದ್ರೂ ಕರೆದ್ರೆ ಅಡ್ಡ ನಿಲ್ತೇನೆ. ನಮ್ಮನೆಯವರನ್ನ ಜೀಪಲ್ಲಿ ಮಲಗಿಸಿಕೊಂಡು ಹೋದ ಪುಣ್ಯಾತ್ಮ ಇವರು. ಆದ್ರೆ ಕೋರ್ಟು ಹೇಳೋವರೆಗೆ ನನ್ನ ಮುಖ ನೋಡಿ ಓಟು ಹಾಕಿ ಅಂತ ನಿಮ್ಮ ಬಾಗಿಲಿಗೆ ಬರೋದಿಲ್ಲ. ಮುಖ ನನ್ನದು." ಇಷ್ಟು ಹೇಳಿ ನೀರು ಕುಡಿದು, ಹೋಗಿ ಕೂತರು.

ಯಾರೂ ಅಲುಗಾಡಲಿಲ್ಲ. ಕಟ್ಟಿ ನಿಲ್ಲಿಸಿದ್ದನ್ನು ಲಲಿತಕ್ಕ ಇನ್ನೂ ಕೆಡಹಿಲ್ಲವಲ್ಲ! ಸಭೆ ಕಾಯಿತು. ನೀರು ಕುಡಿದದ್ದು ಮುಂದಿನ ಏಟಿಗೆ ಗಂಟಲು ಸರಿಮಾಡಿಕೊಳ್ಳಲು ಎಂದೇ ಎಲ್ಲರೂ ತಿಳಿದಿದ್ದರು. ಸತೀಶನ ಕೈ ಗಾಳಿಯಲ್ಲೇ ಇತ್ತು. ಅವನು ಬಗ್ಗಿ, "ಲಲಿತಕ್ಕ, ಇನ್ನುಳಿದದ್ದು?" ಎಂದು ಪಿಸುಗುಟ್ಟಿದ್ದು ಪಕ್ಕದಲ್ಲೇ ಇದ್ದ ಮೈಕಿನಲ್ಲಿ ಎಲ್ಲರಿಗೂ ಕೇಳಿತು. "ಇಷ್ಟೇಯ" ಎಂದು ಅತ್ತೆ ಹೇಳಿದ್ದೂ ಕೇಳಿತು. ಆಗ ನನ್ನ ಪಕ್ಕದ ಅಜ್ಜ ಬಹಳ ಬೇಸರದಿಂದ, "ಭಾಗವತರನ್ನ ಕರೆಸ್ಬೇಕಿತ್ತು. ಮುಂದಿನ ಪದ್ಯ ಎತ್ತೋರೇ ಇಲ್ಲ, ಪಾಪ, ಅವಳಾದ್ರೂ ಎಂತ ಮಾಡ್ತಾಳೆ?" ಎಂದ.

ನಾನು ಬದುಕಿನಲ್ಲಿ ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ. ಗೆಲ್ಲಲು ಎಲ್ಲವೂ ಕೈಯಲ್ಲಿದ್ದು, ಜನ ಚಪ್ಪಾಳೆಗೆ ಕಾದು ಕೂತಿದ್ದರೂ, "ನನಗೆ ಗೊತ್ತಿಲ್ಲ" ಎಂದು ಹೇಳಿ ಕೂತವರನ್ನು ಅದೇ ಮೊದಲು ನೋಡಿದ್ದು. ಚರ್ಚಾಸ್ಪರ್ಧೆಯಲ್ಲಿ ಆ ಮಾತಿಗೆ ಸೊನ್ನೆ ಅಂಕ. ನಾನೇ ತೀರ್ಪುಗಾರ್ತಿಯಾಗಿ ಕೊಟ್ಟಿದ್ದೇನೆ.

ಟಿಕೆಟ್ ಹೋಯಿತು. ಅದು ಸತೀಶನ ಹೆಂಡತಿಗೆ ಎಂದು ಈಗ ಸುದ್ದಿ. "ಒಳ್ಳೇದಾಯ್ತು, ಅವಳು ಮಾತು ಕಡಿಮೆ, ಕೆಲಸ ಮಾಡ್ತಾಳೆ" ಎಂದರು ಅತ್ತೆ. ಕನ್ನಡಿಯ ಮುಂದೆ ಕೈ ಮುಗಿಯುವುದನ್ನು ನಿಲ್ಲಿಸಿದರು. ಭಾಷಣದ ವಿಡಿಯೊ ಮಾತ್ರ ಎರಡು ತುಂಡಾಗಿ ಊರೂರು ತಿರುಗಿತು. ಪೊಲೀಸರ ವಾದವಿದ್ದ ಮೊದಲರ್ಧವನ್ನು ಎದುರು ಪಕ್ಷದವರು ಹಂಚಿದರು, ಜೀಪಿನ ಪುಣ್ಯಾತ್ಮನಿದ್ದ ತುಂಡನ್ನು ದಿವಾಕರಣ್ಣನ ಕಡೆಯವರು. ನಮ್ಮ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತ ಇಬ್ಬರ ಫೋನಿನಿಂದ ನಮ್ಮತ್ತೆ ತಮ್ಮೊಂದಿಗೆ ತಾವೇ ಜಗಳವಾಡುವುದನ್ನು ನಾನು ಕೇಳಿದ್ದೇನೆ. "ನನಗೆ ಗೊತ್ತಿಲ್ಲ" ಎಂದ ತುಂಡನ್ನು ಯಾರೂ ಹಂಚಲಿಲ್ಲ.

ಕೆಲವು ದಿನ ಬಿಟ್ಟು ದಿವಾಕರಣ್ಣ ಒಬ್ಬರೇ ಅಂಗಡಿಗೆ ಬಂದರು. "ಲಲಿತಕ್ಕ, ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ."

"ನಾನೂ ನಿಮ್ಮಿಂದ ಈ ಕೇಸು ನಿರೀಕ್ಷೆ ಮಾಡಿರ್ಲಿಲ್ಲ. ಕೂತ್ಕೊಳ್ಳಿ, ಚಾ ತರಿಸ್ತೇನೆ."

ಅವರು ಕೂತರು. ಚಾ ಕುಡಿದರು. ಮಾಡಿದಿರಾ ಎಂದು ಅತ್ತೆ ಕೇಳಲಿಲ್ಲ, ಇಲ್ಲ ಎಂದು ಅವರೂ ಹೇಳಲಿಲ್ಲ. ಇಬ್ಬರೂ ಮಾವನವರ ವಿಷಯ ಮಾತಾಡಿದರು. ಕೇಸು ಇನ್ನೂ ಕೋರ್ಟಿನಲ್ಲಿದೆ. ಬಸ್ಸಿನಲ್ಲಂತೂ ಅದು ದಿನಾ ಮುಗಿಯುತ್ತದೆ.

ನಾನು ಈಗ ಕಾಲೇಜಿನಲ್ಲಿ ಮಕ್ಕಳಿಗೆ ಹೇಳುತ್ತೇನೆ: ಗೆಲ್ಲುವುದು ದೊಡ್ಡದಲ್ಲ, ನಂಬಿದ್ದನ್ನು ಮಾತ್ರ ಆಡಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವ ಎದೆಗಾರಿಕೆ ಬೇಕು. ಬಹಳ ಚೆನ್ನಾಗಿ ಹೇಳುತ್ತೇನೆ; ಹೇಳುವಾಗ ನನ್ನ ದನಿ ಎಲ್ಲಿ ಏರಬೇಕೋ ಅಲ್ಲೇ ಏರುತ್ತದೆ. ಮೊನ್ನೆ ಸಂಜೆ ಅಂಗಡಿಯಲ್ಲಿ ಅತ್ತೆ ಒಬ್ಬಳ ಕೈಗೆ ಬಳೆ ಏರಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತಿದ್ದೆ. ಎದುರು ಪಕ್ಷದ ಒಬ್ಬರು ಬಂದು ನನಗೆ ನಮಸ್ಕಾರ ಮಾಡಿದರು. "ಮೇಡಂ, ಆ ಪಾಯಿಂಟುಗಳೆಲ್ಲ ನಿಮ್ಮವೇ ಅಂತ ಗೊತ್ತಾಯ್ತು. ಎನ್.ಆರ್. ಪುರದಲ್ಲಿ ನಮ್ಮದೊಂದು ಪ್ರತಿಭಟನೆ ಇಟ್ಕೊಂಡಿದೀವಿ. ದಿವಾಕರಣ್ಣನ ವಿರುದ್ಧ ನೀವೊಂದು ನಾಲ್ಕು ಮಾತು ಆಡ್ಬೇಕು."

ಅತ್ತೆಯ ಕೈ ಬಳೆಯ ಮೇಲೆ ನಿಂತಿತು. ಅವರು ನನ್ನ ಕಡೆ ನೋಡಿದರು. ಆ ಹಳ್ಳ, ಆ ಕಲ್ಲು, ಆ ಸಭೆಯ ಮೌನ ಎಲ್ಲವೂ ನನ್ನ ಕಣ್ಣ ಮುಂದೆ ಬಂದವು. ಹೇಳಬೇಕಾದದ್ದು ಏನೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಬಾಯಿ ತೆರೆದೆ.

"ಎಷ್ಟು ನಿಮಿಷ ಸರ್?" ಎಂದೆ.